ಹೂಮಡಿಯ ಅಂಚಿಗೆ ಏನಿಡಬೇಕು?

ಆಗಸ್ಟ್ 15 ಹತ್ತಿರ ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಶಾಲೆಗಳಲ್ಲಿ ಒಂದು ಕೆಲಸ ಇದ್ದೇ ಇರುತ್ತದೆ. ಹೂಮಡಿಯ ಸುತ್ತ ವಾಲಿದ ಇಟ್ಟಂಗಿಗಳನ್ನು ಕಿತ್ತು, ಮತ್ತೆ ಓರೆಯಾಗಿ ಹೂಳಿ, ಒಂದಕ್ಕೆ ಸುಣ್ಣ, ಇನ್ನೊಂದಕ್ಕೆ ಕೆಮ್ಮಣ್ಣು ಬಳಿಯುವುದು. ಮುಂದಿನ ಬೇಸಿಗೆಗೆ ಆ ಸಾಲು ಮುದುಕನ ಹಲ್ಲಿನಂತೆ ಅಲುಗಾಡುತ್ತದೆ. ಸರಿಯಾಗಿ ಹೂಳಲಿಲ್ಲವೆಂದು ನಾವು ಮಾಸ್ತರರು ಮಕ್ಕಳನ್ನು ಗದರಿಸುತ್ತೇವೆ. ತಪ್ಪು ಮಕ್ಕಳದಲ್ಲ, ಮಣ್ಣಿನದು.

ನಮ್ಮ ಎರೆಮಣ್ಣು ಬಸಾಲ್ಟ್ ಎಂಬ ಕರಿಕಲ್ಲು ಸವೆದು ಆದದ್ದು. ಅದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ಅದರ ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಮಡಿಗೆ ದಿನಾ ನೀರು ಬೀಳುತ್ತದೆ, ಆಚೆಯ ಕಾಲುದಾರಿ ಒಣಗಿರುತ್ತದೆ. ಒಳಗಿನ ಮಣ್ಣು ನೂಕುತ್ತದೆ, ಹೊರಗಿನದು ಜಾಗ ಬಿಡುತ್ತದೆ. ಇಟ್ಟಂಗಿ ವಾಲದೆ ಏನು ಮಾಡೀತು?

ಪ್ರೌಢಶಾಲೆಯ ಮಕ್ಕಳು ಇದನ್ನು ಪ್ರಯೋಗಾಲಯದಲ್ಲಿ, ಶಿಕ್ಷಕರ ಜೊತೆ, ನೋಡಬಹುದು. ಎರಡು ಅಳತೆಜಾಡಿಗಳಿಗೆ ಒಣಗಿಸಿ ಸಣ್ಣಗೆ ಜರಡಿ ಹಿಡಿದ ಎರೆಮಣ್ಣು 10 ಗ್ರಾಂನಂತೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಹೊಯ್ಯಿರಿ. 24 ಗಂಟೆಯ ನಂತರ ಎರಡನ್ನೂ ಅಳೆಯಿರಿ. ನೀರಿನ ಜಾಡಿಯ ಮಣ್ಣು ಉಬ್ಬಿರುತ್ತದೆ, ಸೀಮೆಎಣ್ಣೆಯದು ಉಬ್ಬಿರುವುದಿಲ್ಲ. ಕಟ್ಟಡದ ಇಂಜಿನಿಯರರೂ ಮಣ್ಣನ್ನು ಹೀಗೆಯೇ ಪರೀಕ್ಷಿಸುತ್ತಾರೆ.

ನಾನು ಹಿಂದೆ ಇದ್ದ ಶಾಲೆಯೊಂದರಲ್ಲಿ ಈ ರಗಳೆಯೇ ಬೇಡವೆಂದು ಸಿಮೆಂಟಿನ ಕಟ್ಟೆ ಕಟ್ಟಿಸಿದೆವು. ಸಲಹೆ ನನ್ನದೇ. ಎರೆಮಣ್ಣಿನಲ್ಲಿ ನೀರು ಬೇಗ ಇಂಗದು. ಆ ವರ್ಷದ ಮಳೆಗೆ ಮಡಿ ತೊಟ್ಟಿಯಾಯಿತು. ಏಳನೆಯ ತರಗತಿಯ ಹುಡುಗಿಯರು ಮನೆಯಿಂದ ತಂದು ನೆಟ್ಟಿದ್ದ ಗುಲಾಬಿಗಳು ಬೇರು ಕೊಳೆತು ಸತ್ತವು. ಹುಡುಗಿಯರು ಏನೂ ಅನ್ನಲಿಲ್ಲ. ಆದರೆ ತೋಟದ ಕಡೆ ಬರುವುದನ್ನು ಬಿಟ್ಟರು.

ಈಗ ನಾನು ಹೇಳುವುದು ಹೀಗೆ. ಗೇಣುದ್ದ ಆಳದ ಕಾಲುವೆ ತೋಡಿ, ತಳಕ್ಕೆ ನಾಲ್ಕು ಬೆರಳು ಗರಸು ಹಾಸಿ. ಗರಸು ಎರೆಮಣ್ಣಿನಂತೆ ಉಬ್ಬುವುದಿಲ್ಲ. ಮೇಲೆ ಹೊಲದ ಕರಿಕಲ್ಲನ್ನು ಸಿಮೆಂಟಿಲ್ಲದೆ ಸಾಲಾಗಿ ಕೂಡಿಸಿ. ಸಂದಿನಿಂದ ನೀರು ಹರಿದುಹೋಗಲಿ. ಕಲ್ಲು ಕದಲಿದರೂ ಕೈಯಿಂದಲೇ ಸರಿಪಡಿಸಬಹುದು. ನಿಪ್ಪಾಣಿ ಕಡೆಯ ಗುಡ್ಡದ ಕೆಂಪು ಮಣ್ಣಿನಲ್ಲಾದರೆ ಇಟ್ಟಂಗಿಯೂ ನಡೆದೀತು. ಕೃಷ್ಣೆಯ ದಂಡೆಯ ಸವಳು ನೆಲಕ್ಕೆ ಮಾತ್ರ ಇಟ್ಟಂಗಿ ಬೇಡ: ಅದು ಉಪ್ಪುನೀರು ಹೀರುತ್ತದೆ, ಒಣಗಿದಾಗ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಂಗಿ ಪುಡಿಯಾಗಿ ಉದುರುತ್ತದೆ. ಗಾಜಿನ ಬಾಟಲಿ ಹೂಳುವವರೂ ಇದ್ದಾರೆ. ಬರಿಗಾಲಿನ ಮಕ್ಕಳು ಓಡಾಡುವಲ್ಲಿ ಅದರ ಮಾತೇ ಬೇಡ.

ತೋಟದ ಹೊರಸುತ್ತಿಗೆ ಲಾವಂಚ ಒಳ್ಳೆಯದು. ಗುಂಡ್ಲುಪೇಟೆಯ ರೈತರು ತಲೆತಲಾಂತರದಿಂದ ಹೊಲದ ಗಡಿಗೆ ಇದನ್ನೇ ನೆಟ್ಟಿದ್ದಾರೆ. ಬೇರು ನೇರವಾಗಿ ಆಳಕ್ಕೆ ಇಳಿಯುವುದರಿಂದ ನೆಲ ಬಿರಿದರೂ ಸಾಲು ಕದಲದು. ಅರ್ಧ ಅಡಿಗೊಂದು ಬುಡ ನೆಟ್ಟು, ಬೆಳೆದಂತೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತಿರಿ. ಎಲೆಯ ಅಂಚು ಚೂಪು, ಆದ್ದರಿಂದ ಕುಡುಗೋಲು ದೊಡ್ಡವರ ಕೈಯಲ್ಲಿರಲಿ. ಕತ್ತರಿಸಿದ ಹುಲ್ಲನ್ನು ಹೂಮಡಿಗೆ ಹೊದಿಸುವ ಕೆಲಸ ಮಕ್ಕಳದು.