ಬಾಗಿದ ಬಾಣದ ಅಲಗು: ನೆಟ್ಟಗೆ ಮಾಡುವ ಬಗೆ



ನಾನು ಕಮ್ಮಾರನಲ್ಲ, ಬಿಲ್ಲುಗಾರನೂ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೆ ಸೇರಿ, ನಿವೃತ್ತಿಯವರೆಗೂ ಲೆಡ್ಜರು ಬರೆದವನು. ಅಂಥವನು ಬಾಣದ ಅಲಗಿನ ರಿಪೇರಿಯ ಬಗ್ಗೆ ಮಾತಾಡಲು ಕುಳಿತಿದ್ದೇನೆಂದರೆ ಅದಕ್ಕೊಂದು ಕಾರಣವಿದೆ. ಹಿಂದೊಮ್ಮೆ ಒಬ್ಬ ಹಿರಿಯರ ಅಲಗನ್ನು ನನ್ನ ಕೈಯಾರೆ ಮುರಿದುಹಾಕಿದ್ದೆ. ಆ ತಪ್ಪಿನಿಂದ ಕಲಿತದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ವಯನಾಡಿನಲ್ಲಿ ಬಿಲ್ಲು ಬಾಣ ಹೊಸದೇನಲ್ಲ. ಕನ್ನಡದಲ್ಲಿ ನಾವು ಬಿಲ್ಲು ಎಂದರೆ ಮಲಯಾಳದಲ್ಲಿ ವಿಲ್ಲ್. ನಾವು ಅಂಬು ಎಂದರೆ ಅವರು ಅಂಬ್. ಹೆಸರೇ ಒಂದಾಗಿರುವಾಗ ವಸ್ತುವಿನ ಹಳಮೆ ಎಷ್ಟೆಂದು ನೀವೇ ಊಹಿಸಿ. ಕುರಿಚ್ಯರೂ ಮುಳ್ಳು ಕುರುಮರೂ ಬಿಲ್ವಿದ್ಯೆಗೆ ಹೆಸರಾದವರು. 1802ರ ಅಕ್ಟೋಬರ್ 11ರಂದು ಎಡಚ್ಚೇನ ಕುಂಗನ್ ಮತ್ತು ಕುರಿಚ್ಯರ ನಾಯಕ ತಲಕ್ಕಲ್ ಚಂತು ಪನಮರದ ಕೋಟೆಯ ಮೇಲೆ ಬಿದ್ದು ಕುಂಪಣಿಯ ಪಡೆಯನ್ನು ಸೋಲಿಸಿದ್ದು ಇಂಥ ಬಿಲ್ಲುಗಳ ಬಲದಿಂದ. ಪಳಶ್ಶಿ ರಾಜನ ಪರವಾಗಿ ಹೋರಾಡಿದ ಚಂತುವನ್ನು ಕುಂಪಣಿಯವರು 1805ರ ನವೆಂಬರಿನಲ್ಲಿ ಹಿಡಿದು ಕೊಂದರು. 1812ರಲ್ಲಿ ಕುರಿಚ್ಯರು ಮತ್ತೆ ದಂಗೆ ಎದ್ದರು. ಆದ್ದರಿಂದ ಇಲ್ಲಿ ಹಳೆಯ ಅಲಗೊಂದು ಮನೆಯಲ್ಲಿದ್ದರೆ ಅದನ್ನು ಗುಜರಿ ಕಬ್ಬಿಣವೆಂದು ಯಾರೂ ನೋಡುವುದಿಲ್ಲ.

ಈಗ ನನ್ನ ತಪ್ಪಿನ ಕಥೆ. 1988ನೆಯ ಇಸವಿ. ನಾನಿದ್ದ ಬಾಡಿಗೆ ಮನೆಯ ಹಿಂದೆ ಒಬ್ಬ ಕುರಿಚ್ಯ ಹಿರಿಯರಿದ್ದರು. ಎಲ್ಲರೂ ಅವರನ್ನು ಮೂಪ್ಪನ್ ಎಂದೇ ಕರೆಯುತ್ತಿದ್ದರು. ತುಲಾ ಮಾಸದ ಹತ್ತನೆಯ ದಿನ, ಅಂದರೆ ತುಲಾಪತ್ತು, ಹತ್ತಿರ ಬಂದಿತ್ತು. ಗುರಿ ಹೊಡೆದು ನೋಡುವಾಗ ಅವರ ಬಾಣವೊಂದು ಕಲ್ಲಿಗೆ ತಾಗಿ ಅಲಗು ಒಂದು ಕಡೆ ಬಾಗಿತು. ಅವರ ತಂದೆಯ ಕಾಲದ ಅಲಗು ಅದು. ನಾನು ದೊಡ್ಡಸ್ತಿಕೆಯಿಂದ, "ಕೊಡಿ ಮೂಪ್ಪಾ, ಎರಡು ಏಟಿನ ಕೆಲಸ" ಎಂದು ಇಸಿದುಕೊಂಡು, ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದೆ. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಠಣ್ ಎಂದು ಕುತ್ತಿಗೆಯಲ್ಲೇ ಎರಡು ತುಂಡಾಯಿತು. ಅವರು ಬೈಯಲಿಲ್ಲ. ತುಂಡುಗಳನ್ನು ಎತ್ತಿಕೊಂಡು, "ಬನ್ನಿ ಸಾರೇ, ಕೊಲ್ಲನ ಹತ್ತಿರ ಹೋಗೋಣ" ಎಂದರು ಅಷ್ಟೆ. ಅಂದು ಸಂಜೆ ಕುಲುಮೆಯ ಮುಂದೆ ಕುಳಿತು ನೋಡಿದ್ದು, ಆಮೇಲೆ ಎಷ್ಟೋ ಭಾನುವಾರ ಅಲ್ಲಿಗೇ ಹೋಗಿ ಕೇಳಿ ತಿಳಿದದ್ದು, ಇವೇ ನನ್ನ ವಿದ್ಯೆ.

ಮೊದಲನೆಯ ಪ್ರಶ್ನೆ: ಸ್ವಲ್ಪ ಬಾಗಿದರೆ ಏನಾಯಿತು, ಹಾಗೇ ಹೊಡೆಯಬಾರದೇ? ಹೊಡೆಯಬಾರದು. ಅಗಲವಾದ ಅಲಗು ಬಾಣದ ಮುಂದುಗಡೆ ಪುಟ್ಟ ರೆಕ್ಕೆಯ ಹಾಗೆ ಕೆಲಸ ಮಾಡುತ್ತದೆ. ಅದು ಸೊಟ್ಟಗಿದ್ದರೆ ಗಾಳಿ ಅದನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಹಿಂದಿನ ಗರಿ ಎಷ್ಟು ತಿದ್ದಿದರೂ ಬಾಣ ಗುರಿ ತಪ್ಪುತ್ತದೆ. ಪಕ್ಕದಲ್ಲಿ ನಿಂತವರಿಗೆ ಅಪಾಯ. ಪರೀಕ್ಷೆ ಸುಲಭ: ಅಲಗಿನ ಮೊನೆಯನ್ನು ಒಂದು ಹಲಗೆಯ ಮೇಲೆ ಊರಿ, ಬಾಣವನ್ನು ನೆಟ್ಟಗೆ ನಿಲ್ಲಿಸಿ, ಬೆರಳುಗಳಿಂದ ಬುಗುರಿಯಂತೆ ತಿರುಗಿಸಿ. ಅಲಗು ಮತ್ತು ಕೋಲು ಕೂಡುವ ಜಾಗ ಅಲುಗಾಡದೆ ತಿರುಗಿದರೆ ಸರಿ. ಅಲ್ಲಿ ಓಲಾಡಿದರೆ ಅಲಗೋ ಕೋಲೋ ಸೊಟ್ಟಗಿದೆ ಎಂದರ್ಥ.

ಎರಡನೆಯದಾಗಿ, ಅಲಗನ್ನು ಕೋಲಿನಿಂದ ಬಿಡಿಸಿಕೊಳ್ಳಿ. ಕೆಲವು ಅಲಗಿನ ಬುಡ ಕೊಳವೆಯ ಹಾಗಿದ್ದು ಕೋಲು ಅದರೊಳಗೆ ಹೋಗಿರುತ್ತದೆ. ಇನ್ನು ಕೆಲವದರ ಬುಡ ಮೊಳೆಯ ಹಾಗಿದ್ದು ಅದೇ ಕೋಲಿನೊಳಗೆ ಹೋಗಿರುತ್ತದೆ. ಅರಗಿನಿಂದ ಕೂರಿಸಿದ್ದರೆ ಬುಡವನ್ನು ದೀಪದ ಬಿಸಿಗೆ ಸ್ವಲ್ಪ ಹಿಡಿದರೆ ಸಾಕು, ಅರಗು ಮೆತ್ತಗಾಗುತ್ತದೆ, ಅಲಗು ಹೊರಗೆ ಬರುತ್ತದೆ. ಕೋಲು ಸಮೇತ ಬೆಂಕಿಗೆ ಇಟ್ಟರೆ ಬಿದಿರು ಸುಟ್ಟು ಬಾಣವೇ ಹಾಳು.

ಮೂರನೆಯದು, ಬಿರುಕು ಇದೆಯೇ ಎಂದು ನೋಡುವುದು. ನಾನು ಮಾಡದೆ ಬಿಟ್ಟ ಕೆಲಸ ಇದೇ. ತುಕ್ಕನ್ನು ಉಜ್ಜಿ ತೆಗೆದು ಅಲಗಿಗೆ ಸೀಮೆಎಣ್ಣೆ ಸವರಿ. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕೂದಲಿನಂಥ ಒಂದು ಗೆರೆ ಮೂಡಿಸುತ್ತದೆ. ಮುಖ್ಯವಾಗಿ ಕುತ್ತಿಗೆಯಲ್ಲಿ, ಅಂದರೆ ಅಲಗು ಬುಡಕ್ಕೆ ಸೇರುವ ಕಿರಿದಾದ ಜಾಗದಲ್ಲಿ ನೋಡಿ. ಅಲ್ಲಿ ಗೆರೆ ಕಂಡರೆ ಆ ಅಲಗನ್ನು ಮತ್ತೆ ಬಿಲ್ಲಿಗೆ ಏರಿಸಬೇಡಿ. ನೆನಪಿಗೆಂದು ಗೋಡೆಯ ಮೇಲಿಡಿ.

ನಾಲ್ಕನೆಯದು, ಲೋಹ ಮೆದುವೋ ಗಡುಸೋ ಎಂದು ತಿಳಿಯುವುದು. ಇದಕ್ಕೆ ಒಂದು ಅರ ಸಾಕು. ಅಂಚಿನ ಮೇಲೆ ಅರವನ್ನು ಮೆಲ್ಲಗೆ ಎಳೆಯಿರಿ. ಅರ ಕಚ್ಚಿ ಪುಡಿ ಬಿದ್ದರೆ ಅದು ಮೆದು ಕಬ್ಬಿಣ, ಇಲ್ಲವೇ ಹದ ಇಳಿಸಿದ ಉಕ್ಕು. ಕಚ್ಚದೆ ಗಾಜಿನ ಮೇಲೆ ಎಳೆದಂತೆ ಜಾರಿದರೆ ಅದು ಗಡುಸು ಉಕ್ಕು. ನಾನು ಮುರಿದದ್ದು ಅಂಥದ್ದು.

ಮೆದುವಾಗಿದ್ದರೆ ಬೆಂಕಿ ಬೇಡ, ತಣ್ಣಗೇ ತಿದ್ದಬಹುದು. ಆದರೆ ಕಬ್ಬಿಣದ ಸುತ್ತಿಗೆಯೂ ಕಲ್ಲೂ ಬೇಡ. ಗಟ್ಟಿ ಮರದ ದಿಮ್ಮಿಯ ಮೇಲಿಟ್ಟು ಮರದ ಕೊಡತಿಯಿಂದ ಸಣ್ಣ ಸಣ್ಣ ಏಟು ಕೊಡಿ. ವೈಸ್ ಇದ್ದರೆ ಎರಡು ಮರದ ಚೂರುಗಳ ನಡುವೆ ಅಲಗನ್ನಿಟ್ಟು ನಿಧಾನವಾಗಿ ಬಿಗಿಯಿರಿ. ಲೋಹ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಆದ್ದರಿಂದ ನೇರಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚಾಗಿ ತಿದ್ದಬೇಕು. ಅತ್ತ ಇತ್ತ ಮತ್ತೆ ಮತ್ತೆ ಬಾಗಿಸಬೇಡಿ. ತಂತಿಯನ್ನು ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿದರೆ ಅದು ಬಿಸಿಯಾಗಿ, ಗಡುಸಾಗಿ, ಕೊನೆಗೆ ಮುರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಅಲಗಿಗೂ ಅದೇ ಗತಿ. ಮೊನೆಯ ತುದಿ ಮಾತ್ರ ಎರಡು ಮೂರು ಮಿಲಿಮೀಟರ್ ಮಡಿಸಿದ್ದರೆ ನೆಟ್ಟಗೆ ಮಾಡಲು ಹೋಗದೆ ಅಷ್ಟನ್ನು ಅರದಿಂದ ತೆಗೆದು ಹೊಸ ಮೊನೆ ಮಾಡುವುದೇ ಲೇಸು.

ಗಡುಸು ಉಕ್ಕಾದರೆ ಕುಲುಮೆಗೆ ಕೊಡಬೇಕು. ಆಚಾರಿ ಏನು ಮಾಡುತ್ತಾನೆ ಎಂದು ಹೇಳುತ್ತೇನೆ. ಇದ್ದಲಿನ ಬೆಂಕಿಯಲ್ಲಿ ತಿದಿ ಒತ್ತಿ ಅಲಗನ್ನು ಚೆನ್ನಾಗಿ ಕೆಂಪಗೆ ಕಾಯಿಸುತ್ತಾನೆ. ಸಾಕಷ್ಟು ಕಾದಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ: ಕೆಟ್ಟುಹೋದ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಹತ್ತಿರ ಹಿಡಿಯುವುದು. ಸುಮಾರು 770 ಡಿಗ್ರಿ ದಾಟಿದ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಆ ಬಿಸಿಯಲ್ಲಿ ಅಡಿಗಲ್ಲಿನ ಮೇಲಿಟ್ಟು ಹಗುರವಾಗಿ ತಟ್ಟಿದರೆ ಬಾಗು ಬೆಣ್ಣೆಯಂತೆ ಸರಿಹೋಗುತ್ತದೆ. ಕೆಂಪು ಆರಿತು ಎಂದರೆ ಏಟು ನಿಲ್ಲಿಸಬೇಕು, ಮತ್ತೆ ಕಾಯಿಸಬೇಕು. ಅರೆಬಿಸಿಯ ಕಬ್ಬಿಣ, ಅಂದರೆ 200ರಿಂದ 300 ಡಿಗ್ರಿಯಲ್ಲಿರುವುದು, ತಣ್ಣಗಿರುವಾಗಿಗಿಂತಲೂ ಪೆಡಸು. ಹೊರಗೆ ಕೆಂಪು ಕಾಣುವುದಿಲ್ಲ, ಏಟಿಗೆ ಬಿರುಕು ಬಿಡುತ್ತದೆ.

ನೆಟ್ಟಗಾದ ಅಲಗನ್ನು ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ಆರಿಸುತ್ತಾರೆ. ಆಗ ಉಕ್ಕು ಮೆದುವಾಗಿರುತ್ತದೆ. ಅರ ಹಾಕಿ ಆಕಾರ ತರುವುದು ಆ ಹೊತ್ತಿನಲ್ಲೇ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡರೆ ಮೊದಲ ಗುರಿಯಲ್ಲೇ ಅಲಗು ಮತ್ತೆ ಬಾಗುತ್ತದೆ, ಏಕೆಂದರೆ ಅದರ ಹದ ಹೋಗಿದೆ. ಮತ್ತೊಮ್ಮೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ನೀರಿನಲ್ಲಿ ಅದ್ದಿದರೆ ತೆಳುವಾದ ಅಲಗು ಥಟ್ಟನೆ ತಣಿದು ಸೀಳುವ ಭಯವಿದೆ. ಎಣ್ಣೆಯ ಪಾತ್ರೆ ಲೋಹದ್ದಾಗಿರಲಿ, ಉರಿ ಎದ್ದರೆ ಮುಚ್ಚಲು ಮುಚ್ಚಳ ಪಕ್ಕದಲ್ಲೇ ಇರಲಿ.

ಎಣ್ಣೆಯಿಂದ ತೆಗೆದ ಉಕ್ಕು ಗಾಜಿನಷ್ಟು ಗಡುಸು, ಗಾಜಿನಷ್ಟೇ ಪೆಡಸು. ಇದನ್ನು ಸ್ವಲ್ಪ ಇಳಿಸಬೇಕು. ಅಲಗಿನ ಮೈಯನ್ನು ಉಜ್ಜಿ ಹೊಳಪು ಮಾಡಿ, ಕಾದ ಕಬ್ಬಿಣದ ತಟ್ಟೆಯ ಮೇಲಿಟ್ಟು ಬಣ್ಣ ನೋಡುತ್ತ ಕೂರಬೇಕು. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣ ಬರುತ್ತದೆ, 260ಕ್ಕೆ ಕಂದು, 280ಕ್ಕೆ ನೇರಳೆ, 300ರ ಹತ್ತಿರ ನೀಲಿ. ಹಜಾಮನ ಕತ್ತಿಗೆ ಹುಲ್ಲಿನ ಬಣ್ಣ ಸಾಕು. ಬಾಣದ ಅಲಗು ಏಟು ತಾಳಬೇಕು, ಆದ್ದರಿಂದ ನೇರಳೆ ದಾಟಿ ನೀಲಿಗೆ ತಿರುಗುವಾಗ ಎತ್ತಬೇಕು. ಒಂದು ಗಳಿಗೆ ತಡವಾದರೆ ಹದ ಮೀರುತ್ತದೆ. ಅಂದು ಆಚಾರಿ ಆ ತಟ್ಟೆಯಿಂದ ಕಣ್ಣು ತೆಗೆಯದೆ ಕುಳಿತದ್ದು ಈಗಲೂ ನನ್ನ ಕಣ್ಣ ಮುಂದಿದೆ.

ಒಂದು ಎಚ್ಚರಿಕೆ. ಸತುವಿನ ಲೇಪವಿರುವ ತಗಡಿನಿಂದ ಮಾಡಿದ ಅಲಗನ್ನು ಬೆಂಕಿಗೆ ಇಡಲೇಬೇಡಿ. ಅದರ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಅಂಗಡಿಯಲ್ಲಿ ಕೊಂಡ ಸ್ಟೇನ್‌ಲೆಸ್ ಸ್ಟೀಲಿನ ಅಲಗಿಗೂ ಹಳ್ಳಿಯ ಕುಲುಮೆಯ ಈ ಹದ ಹೊಂದುವುದಿಲ್ಲ. ಬಾಗಿದರೆ ಬದಲಿಸುವುದೇ ಸರಿ.

ಕೊನೆಗೆ ಸಾಣೆ. ಇಲ್ಲಿ ಮಾತ್ರ ನನ್ನ ಬ್ಯಾಂಕಿನ ಬುದ್ಧಿ ಉಪಯೋಗಕ್ಕೆ ಬಂತು. ಒಂದು ಮಗ್ಗುಲಿಗೆ ಹತ್ತು ಸಲ ಅರ ಎಳೆದರೆ ಇನ್ನೊಂದು ಮಗ್ಗುಲಿಗೂ ಹತ್ತೇ ಸಲ. ಜಮೆಯೂ ಖರ್ಚೂ ತಾಳೆಯಾಗಬೇಕು. ಒಂದು ಕಡೆ ಹೆಚ್ಚು ತೆಗೆದರೆ ಅಲಗಿನ ತೂಕ ಒಂದು ಪಕ್ಕಕ್ಕೆ ವಾಲುತ್ತದೆ, ನೆಟ್ಟಗೆ ಮಾಡಿದ್ದೆಲ್ಲ ವ್ಯರ್ಥ. ಮತ್ತೆ ಕೋಲಿಗೆ ಕೂರಿಸಿ, ಮೊದಲು ಹೇಳಿದ ಬುಗುರಿ ಪರೀಕ್ಷೆ ಮಾಡಿ ನೋಡಿ.

ಕಾನೂನಿನ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. 1973ರಲ್ಲಿ ವಯನಾಡು ಅಭಯಾರಣ್ಯವಾಯಿತು. ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಯಾವ ಆಯುಧವನ್ನೂ ಒಯ್ಯುವಂತಿಲ್ಲ. ಈಚೆ ಮುತ್ತಂಗ, ಆಚೆ ಬಂಡೀಪುರ. ನಡುವೆ ಹಾದು ಹೋಗುವ ನಮ್ಮಂಥ ಗಡಿಯವರು ಇದನ್ನು ಮರೆಯಬಾರದು. ನೆಟ್ಟಗೆ ಮಾಡಿದ ಅಲಗು ಹಬ್ಬದ ಪೂಜೆಗೆ, ಊರ ಬಯಲಿನ ಗುರಿಗೆ ಇರಲಿ.

ಮೂಪ್ಪನ್ ಅವರ ಮುರಿದ ಅಲಗನ್ನು ಆಚಾರಿ ಹಳೆಯ ರೂಪಕ್ಕೆ ತರಲಾಗಲಿಲ್ಲ. ಅದೇ ಅಳತೆಯ ಹೊಸದೊಂದನ್ನು ಮಾಡಿಕೊಟ್ಟ. ದುಡ್ಡು ನಾನು ಕೊಟ್ಟೆ. ಹಬ್ಬದ ದಿನ ಹೊಸ ಅಲಗಿನ ಬಾಣ ಗುರಿಗೆ ನೆಟ್ಟಗೆ ಹೋಯಿತು. ಆದರೂ ಅವರು ತಂದೆಯ ಅಲಗಿನ ಎರಡು ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ದೇವರ ಬಳಿ ಇಟ್ಟದ್ದನ್ನು ಕಂಡಾಗ ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಆ ಆಚಾರಿ ತೀರಿಕೊಂಡು ಬಹಳ ವರ್ಷವಾಯಿತು. ಆ ಕುಲುಮೆಯಲ್ಲಿ ಈಗ ಬೆಂಕಿಯಿಲ್ಲ. ನಿಮ್ಮ ಊರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ, ಮನೆಯ ಹಳೆಯ ಅಲಗನ್ನೋ ಕತ್ತಿಯನ್ನೋ ಕುಡುಗೋಲನ್ನೋ ಅಲ್ಲಿಗೆ ಒಯ್ಯಿರಿ. ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ನೇರಳೆ ಬಣ್ಣ ನೀಲಿಗೆ ತಿರುಗುವುದನ್ನು ಅವರಿಗೂ ತೋರಿಸಿ. ಸುತ್ತಿಗೆ ಎತ್ತುವ ಮೊದಲು ಅರ ಎಳೆದು ನೋಡಬೇಕೆಂಬುದು ಅವರಿಗಾದರೂ ಮೊದಲೇ ತಿಳಿದಿರಲಿ.