ಬ್ಲೇಡ್ ಸರ್ವರ್‌ಗಳಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ಅನುಸ್ಥಾಪನೆ

ಬ್ಲೇಡ್ ಸರ್ವರ್ ಎಂಬುದು ಸಂಸ್ಕಾರಕ, ಸ್ಮೃತಿ ಮತ್ತು ಮುಖ್ಯ ಮಂಡಲಿಯನ್ನು ಹೊತ್ತ ತೆಳುವಾದ ಸರ್ವರ್ ಆಗಿದೆ. ವಿದ್ಯುತ್ ಪೂರೈಕೆ, ಫ್ಯಾನುಗಳು, ಜಾಲದ ಸ್ವಿಚ್ಚುಗಳು ಹಾಗೂ ನಿರ್ವಹಣಾ ಘಟಕ ಇವೆಲ್ಲ ಬ್ಲೇಡುಗಳನ್ನು ತೂರಿಸುವ ಚಾಸಿಯಲ್ಲಿದ್ದು, ಅದರಲ್ಲಿರುವ ಎಲ್ಲ ಬ್ಲೇಡುಗಳಿಗೂ ಹಂಚಿಕೆಯಾಗುತ್ತವೆ. ಈ ಹಂಚಿಕೆಯೇ ಬ್ಲೇಡಿನ ಮೇಲೆ ಕಾರ್ಯಾಚರಣಾ ವ್ಯವಸ್ಥೆಯನ್ನು ಸ್ಥಾಪಿಸುವ ಕೆಲಸವನ್ನು ಸಾಮಾನ್ಯ ಗಣಕಯಂತ್ರದ ಕೆಲಸಕ್ಕಿಂತ ಬೇರೆಯಾಗಿಸುತ್ತದೆ. ಅನುಸ್ಥಾಪಕವು ಹುಡುಕುವ ಡಿಸ್ಕ್, ಜಾಲ ಮತ್ತು ಕೀಲಿಮಣೆ ಯಾವುದಾದರೊಂದು ಮಧ್ಯದ ಪದರದ ಹಿಂದೆ ಇರುತ್ತವೆ. ಆದ್ದರಿಂದ ದೋಷ ಕಾಣಿಸಿಕೊಳ್ಳುವ ಜಾಗ ಒಂದು, ದೋಷ ಇರುವ ಜಾಗ ಇನ್ನೊಂದು ಆಗುವುದು ಇಲ್ಲಿ ಸಾಮಾನ್ಯ.

ಹಿನ್ನೆಲೆ

ಆಧುನಿಕ ಬ್ಲೇಡ್ ಸರ್ವರನ್ನು ಅಮೆರಿಕದ ಹ್ಯೂಸ್ಟನ್ ನಗರದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ 2001ರಲ್ಲಿ ಮಾರುಕಟ್ಟೆಗೆ ತಂದಿತು. ಐಬಿಎಂ ಬ್ಲೇಡ್‌ಸೆಂಟರ್ 2002ರಲ್ಲಿ, ಎಚ್‌ಪಿಯ ಸಿ7000 ಚಾಸಿ 2006ರಲ್ಲಿ, ಡೆಲ್ ಎಂ1000ಇ 2008ರಲ್ಲಿ ಮತ್ತು ಸಿಸ್ಕೊ ಯುಸಿಎಸ್ 2009ರಲ್ಲಿ ಬಂದವು. ಸಿ7000 ಚಾಸಿಯ ಎತ್ತರ 10 ಯು. ಅದರಲ್ಲಿ 16 ಅರ್ಧ ಎತ್ತರದ ಬ್ಲೇಡುಗಳು ಹಿಡಿಯುತ್ತವೆ.

ದತ್ತಾಂಶ ಕೇಂದ್ರಗಳಲ್ಲಿ ಯಂತ್ರಗಳು ಹೀಗೆ ಒತ್ತೊತ್ತಾಗಿ ಸೇರಿದ ಕಾಲದಲ್ಲೇ ಸರ್ಕಾರಿ ಸೇವೆಗಳೂ ಕೇಂದ್ರೀಕೃತವಾದವು. ಕರ್ನಾಟಕದ ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿಯಂತಹ ತಾಲ್ಲೂಕುಗಳ ಪಹಣಿಗಳು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲೇ ಇರುತ್ತಿದ್ದವು. ಅಲ್ಲಿನ ಯಂತ್ರ ಕೆಟ್ಟರೆ ಆ ತಾಲ್ಲೂಕಿನ ಕೆಲಸ ಮಾತ್ರ ನಿಲ್ಲುತ್ತಿತ್ತು. ದಾಖಲೆಗಳು ಕೇಂದ್ರ ಸರ್ವರುಗಳಿಂದ ಆನ್‌ಲೈನ್ ಮೂಲಕ ದೊರೆಯುವಂತಾದ ಮೇಲೆ ಲೆಕ್ಕ ಬೇರೆಯಾಯಿತು. ಬೆಳೆಸಾಲಕ್ಕಾಗಿ ಪಹಣಿ ಬೇಕಾದ ಆಳಂದದ ತೊಗರಿ ಬೆಳೆಗಾರನ ಕೆಲಸವೂ ಎಲ್ಲೋ ದೂರದ ಯಂತ್ರವೊಂದು ಮತ್ತೆ ಮೇಲೇಳಲು ಎಷ್ಟು ಹೊತ್ತು ಬೇಕು ಎಂಬುದನ್ನು ಅವಲಂಬಿಸಿದೆ. ಇಂತಹ ಯಾವುದೇ ಸೇವೆಯಲ್ಲಿ ಸರ್ವರಿನ ಮರು ಅನುಸ್ಥಾಪನೆ ಒಂದು ಗಂಟೆಯಲ್ಲಿ ಮುಗಿಯುವುದಕ್ಕೂ ಎರಡು ದಿನ ಹಿಡಿಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಅನುಸ್ಥಾಪನಾ ಮಾಧ್ಯಮ

ಬ್ಲೇಡಿನಲ್ಲಿ ಸಾಮಾನ್ಯವಾಗಿ ಸಿಡಿ ಅಥವಾ ಡಿವಿಡಿ ಚಾಲಕವಿರುವುದಿಲ್ಲ. ಐಬಿಎಂ ಬ್ಲೇಡ್‌ಸೆಂಟರಿನಲ್ಲಿ ಇಡೀ ಚಾಸಿಗೆ ಒಂದೇ ಮಾಧ್ಯಮ ತಟ್ಟೆ ಇದ್ದು, ಬ್ಲೇಡಿನ ಮುಂಭಾಗದ ಗುಂಡಿ ಒತ್ತಿ ಅದನ್ನು ಆ ಬ್ಲೇಡಿಗೆ ಒದಗಿಸಿಕೊಳ್ಳಬೇಕಿತ್ತು. ಒಂದು ಬ್ಲೇಡಿನಲ್ಲಿ ಅನುಸ್ಥಾಪನೆ ನಡೆಯುತ್ತಿರುವಾಗ ಬೇರೊಬ್ಬರು ಪಕ್ಕದ ಬ್ಲೇಡಿನ ಗುಂಡಿ ಒತ್ತಿದರೆ ಸಿಡಿ ಅತ್ತ ಹೋಗಿಬಿಡುತ್ತಿತ್ತು. ಆಗ ಪರದೆಯ ಮೇಲೆ ಕಡತ ಸಿಗಲಿಲ್ಲವೆಂಬ ಸಂದೇಶ ಬರುತ್ತಿತ್ತು, ಸಿಡಿ ಮಾತ್ರ ಸರಿಯಾಗಿಯೇ ಇರುತ್ತಿತ್ತು.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ವರ್ಚುವಲ್ ಮೀಡಿಯಾ. ಎಚ್‌ಪಿಯ ಐಲೋ, ಡೆಲ್‌ನ ಐಡ್ರಾಕ್ ಮುಂತಾದ ನಿರ್ವಹಣಾ ನಿಯಂತ್ರಕಗಳು ನಿರ್ವಾಹಕರ ಗಣಕಯಂತ್ರದಲ್ಲಿರುವ ಐಎಸ್‌ಒ ಕಡತವನ್ನು ಬ್ಲೇಡಿಗೆ ಯುಎಸ್‌ಬಿ ಡಿವಿಡಿಯಂತೆ ತೋರಿಸುತ್ತವೆ. ಇದರ ದೌರ್ಬಲ್ಯವೆಂದರೆ ಜಾಲದ ವೇಗ. 4.7 ಗಿಗಾಬೈಟ್ ಗಾತ್ರದ ಕಡತವನ್ನು 2 ಮೆಗಾಬಿಟ್ ಸಂಪರ್ಕದ ಮೂಲಕ ಪೂರ್ಣವಾಗಿ ಓದಲು ಐದು ಗಂಟೆಗೂ ಹೆಚ್ಚು ಕಾಲ ಬೇಕು. ನಡುವೆ ಸಂಪರ್ಕ ಒಮ್ಮೆ ಕಡಿದರೂ ಅನುಸ್ಥಾಪಕ ಕೈಬಿಡುತ್ತದೆ. ದೂರದ ಊರಿನಿಂದ ಕೆಲಸ ಮಾಡುವಾಗ ಕಡತವನ್ನು ದತ್ತಾಂಶ ಕೇಂದ್ರದೊಳಗಿನ ಯಂತ್ರದಲ್ಲೇ ಇರಿಸಿ, ಅಲ್ಲಿಂದಲೇ ಜೋಡಿಸುವುದು ಉತ್ತಮ. ಡ್ರೈವರುಗಳನ್ನು ಶಂಕಿಸುವ ಮೊದಲು ಐಎಸ್‌ಒ ಕಡತದ ಚೆಕ್‌ಸಮ್ ಪರಿಶೀಲಿಸುವುದು ಅಗ್ಗದ ಕೆಲಸ. ಆದರೂ ಬಹಳ ಕಡೆ ಅದನ್ನು ಕೊನೆಗೇ ಮಾಡಲಾಗುತ್ತದೆ.

ಡಿಸ್ಕ್ ಕಾಣದಿರುವುದು

ಅನುಸ್ಥಾಪಕವು ಯಾವ ಡಿಸ್ಕ್ ಸಹ ಇಲ್ಲವೆಂದು ಹೇಳುವುದು ಬ್ಲೇಡುಗಳಲ್ಲಿ ಎದುರಾಗುವ ಅತ್ಯಂತ ಪರಿಚಿತ ತೊಂದರೆ. ಇದರ ಹಿಂದೆ ಒಂದು ಸಣ್ಣ ವಿರೋಧಾಭಾಸವಿದೆ. ರೇಡ್ ನಿಯಂತ್ರಕದ ಡ್ರೈವರ್ ಸಾಮಾನ್ಯವಾಗಿ ಡಿಸ್ಕಿನಲ್ಲಿರುತ್ತದೆ, ಆದರೆ ಆ ಡಿಸ್ಕನ್ನು ಓದಲು ಅದೇ ಡ್ರೈವರ್ ಬೇಕು. ಆದ್ದರಿಂದ ಡ್ರೈವರನ್ನು ಅನುಸ್ಥಾಪಕಕ್ಕೆ ಮೊದಲೇ, ಹೊರಗಿನಿಂದ ಒದಗಿಸಬೇಕಾಗುತ್ತದೆ.

ವಿಂಡೋಸ್ ಸರ್ವರ್ 2003ರಲ್ಲಿ ಇದಕ್ಕಾಗಿ ಅನುಸ್ಥಾಪನೆಯ ಆರಂಭದ ಕೆಲವು ಕ್ಷಣಗಳಲ್ಲಿ ಎಫ್6 ಕೀಲಿ ಒತ್ತಿ, ಡ್ರೈವರನ್ನು ಫ್ಲಾಪಿಯಿಂದ ನೀಡಬೇಕಿತ್ತು. ಫ್ಲಾಪಿ ಚಾಲಕವಿಲ್ಲದ ಬ್ಲೇಡಿನಲ್ಲಿ ವರ್ಚುವಲ್ ಫ್ಲಾಪಿಯನ್ನೋ ಯುಎಸ್‌ಬಿ ಫ್ಲಾಪಿಯನ್ನೋ ಆಶ್ರಯಿಸಬೇಕಾಗುತ್ತಿತ್ತು. ತಪ್ಪಾದ ಡ್ರೈವರ್ ನೀಡಿದರೆ, ಅಥವಾ ಡ್ರೈವರೇ ಇಲ್ಲದ ಚಿತ್ರಿಕೆಯನ್ನು ನಕಲಿಸಿದರೆ, ಆರಂಭದ ಡಿಸ್ಕ್ ಕೈಗೆ ಸಿಗಲಿಲ್ಲವೆಂದು ಸೂಚಿಸುವ ಸ್ಟಾಪ್ 7ಬಿ ದೋಷದ ನೀಲಿ ಪರದೆ ಬರುತ್ತಿತ್ತು. ವಿಂಡೋಸ್ ಸರ್ವರ್ 2008ರಿಂದ ಡಿಸ್ಕ್ ಆಯ್ಕೆಯ ಪರದೆಯಲ್ಲೇ ಯುಎಸ್‌ಬಿ ಅಥವಾ ಸಿಡಿಯಿಂದ ಡ್ರೈವರ್ ಸೇರಿಸುವ ಅವಕಾಶ ಬಂದಿತು. ಜಾಲದ ಮೂಲಕ ಅನುಸ್ಥಾಪಿಸುವವರು ಒಂದು ವಿಷಯವನ್ನು ಗಮನಿಸಬೇಕು: ಬೂಟ್ ಚಿತ್ರಿಕೆ ಮತ್ತು ಅನುಸ್ಥಾಪನಾ ಚಿತ್ರಿಕೆ ಎರಡು ಬೇರೆ ಕಡತಗಳು. ಡ್ರೈವರನ್ನು ಮೊದಲನೆಯದಕ್ಕೆ ಮಾತ್ರ ಸೇರಿಸಿದರೆ ಅನುಸ್ಥಾಪನೆ ಸರಾಗವಾಗಿ ನಡೆದು, ಮರುಪ್ರಾರಂಭದ ನಂತರ ವ್ಯವಸ್ಥೆ ಕೈಕೊಡಬಹುದು.

ಲಿನಕ್ಸಿನಲ್ಲಿ ತೊಂದರೆ ಎರಡು ದಿಕ್ಕಿನಿಂದ ಬರುತ್ತದೆ. ಹೊಸ ಬ್ಲೇಡಿನ ನಿಯಂತ್ರಕ ಹಳೆಯ ಆವೃತ್ತಿಗೆ ಗೊತ್ತಿರುವುದಿಲ್ಲ, ಹಳೆಯ ಬ್ಲೇಡಿನ ನಿಯಂತ್ರಕವನ್ನು ಹೊಸ ಆವೃತ್ತಿ ಕೈಬಿಟ್ಟಿರುತ್ತದೆ. ಎರಡನೆಯದು ಹೆಚ್ಚು ಗಲಿಬಿಲಿ ಹುಟ್ಟಿಸುತ್ತದೆ, ಏಕೆಂದರೆ ಅದೇ ಯಂತ್ರದಲ್ಲಿ ಅದೇ ಲಿನಕ್ಸ್ ನಿನ್ನೆಯವರೆಗೂ ನಡೆಯುತ್ತಿತ್ತು. 2019ರಲ್ಲಿ ಬಿಡುಗಡೆಯಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಿಂದ ಹಳೆಯ ಎಲ್‌ಎಸ್‌ಐ ನಿಯಂತ್ರಕಗಳ ಎಂಪಿಟಿಸ್ಯಾಸ್ ಡ್ರೈವರನ್ನು ತೆಗೆದುಹಾಕಲಾಯಿತು. ಅಂತಹ ನಿಯಂತ್ರಕವಿದ್ದ ಐಬಿಎಂ ಎಚ್‌ಎಸ್21 ಬ್ಲೇಡಿನಲ್ಲಿ 7ನೇ ಆವೃತ್ತಿಗೆ ಕಾಣುವ ಡಿಸ್ಕ್ 8ನೇ ಆವೃತ್ತಿಗೆ ಕಾಣುವುದಿಲ್ಲ. ಎಲ್‌ರೆಪೊ ಎಂಬ ಸ್ವಯಂಸೇವಾ ಯೋಜನೆಯು ಇಂತಹ ಯಂತ್ರಾಂಶಕ್ಕಾಗಿ ಡ್ರೈವರ್ ಡಿಸ್ಕ್ ಚಿತ್ರಿಕೆಗಳನ್ನು ಒದಗಿಸುತ್ತದೆ. ಕರ್ನಲ್ ನವೀಕರಣದ ಮೊದಲು ಹೊಸ ಕರ್ನಲ್ಲಿಗೂ ಆ ಡ್ರೈವರ್ ಹೊಂದುತ್ತದೆಯೇ ಎಂದು ನೋಡಿಕೊಳ್ಳದಿದ್ದರೆ ಮುಂದಿನ ಮರುಪ್ರಾರಂಭದಲ್ಲಿ ಹಳೆಯ ತೊಂದರೆ ಮರಳುತ್ತದೆ.

ಡ್ರೈವರ್ ಸರಿಯಿದ್ದೂ ಹೆಸರು ಬದಲಾಗುವುದುಂಟು. ಎಚ್‌ಪಿಯ ಹಲವು ಸ್ಮಾರ್ಟ್ ಅರೇ ನಿಯಂತ್ರಕಗಳಿಗೆ ರೆಡ್ ಹ್ಯಾಟ್ 5ರಲ್ಲಿ ಇದ್ದ ಸಿಸಿಐಎಸ್‌ಎಸ್ ಡ್ರೈವರಿನ ಸ್ಥಾನಕ್ಕೆ 6ನೇ ಆವೃತ್ತಿಯಲ್ಲಿ ಎಚ್‌ಪಿಎಸ್‌ಎ ಬಂದಾಗ ಡಿಸ್ಕುಗಳು ಸಾಮಾನ್ಯ ಸ್ಕಸಿ ಡಿಸ್ಕುಗಳ ಹೆಸರಿನಲ್ಲಿ ಕಾಣತೊಡಗಿದವು. ಹಳೆಯ ಹೆಸರನ್ನೇ ನಂಬಿದ್ದ ಸ್ವಯಂಚಾಲಿತ ಅನುಸ್ಥಾಪನಾ ಕಡತಗಳು ಇದರಿಂದ ನಿಂತುಹೋದವು.

ಬ್ಲೇಡ್ ಸ್ಯಾನ್ ಸಂಗ್ರಹದಿಂದ ಬೂಟ್ ಆಗುವುದಾದರೆ ಒಂದೇ ಡಿಸ್ಕ್ ಹಲವು ಬಾರಿ ಕಾಣಬಹುದು. ಎರಡು ಫೈಬರ್ ಚಾನೆಲ್ ಪೋರ್ಟುಗಳೂ ಎರಡು ಸಂಗ್ರಹ ನಿಯಂತ್ರಕಗಳೂ ಇದ್ದಲ್ಲಿ ನಾಲ್ಕು ದಾರಿಗಳಾಗುತ್ತವೆ, ಬಹುಪಥ ತಂತ್ರಾಂಶವಿಲ್ಲದ ಅನುಸ್ಥಾಪಕ ಅವನ್ನು ನಾಲ್ಕು ಡಿಸ್ಕುಗಳೆಂದೇ ಎಣಿಸುತ್ತದೆ. ವಿಂಡೋಸಿನಲ್ಲಿ ಅನುಸ್ಥಾಪನೆಯ ವೇಳೆ ಒಂದೇ ದಾರಿಯನ್ನು ತೆರೆದಿಟ್ಟು, ಉಳಿದವನ್ನು ಬಹುಪಥ ತಂತ್ರಾಂಶ ಹಾಕಿದ ಮೇಲೆ ಕೂಡಿಸುವುದು ರೂಢಿ. ಇದಕ್ಕಿಂತ ಮುಖ್ಯವಾದುದು, ಆ ಹೊತ್ತಿನಲ್ಲಿ ಬೂಟ್ ಡಿಸ್ಕ್ ಬಿಟ್ಟು ದತ್ತಾಂಶದ ಬೇರಾವ ಡಿಸ್ಕ್ ಕೂಡ ಬ್ಲೇಡಿಗೆ ಕಾಣದಂತೆ ಮಾಡುವುದು. ಡ್ರೈವರ್ ತಪ್ಪಿದರೆ ಸಮಯ ಹೋಗುತ್ತದೆ. ಡಿಸ್ಕ್ ಆಯ್ಕೆ ತಪ್ಪಿದರೆ ದಾಖಲೆಗಳೇ ಅಳಿದುಹೋಗುತ್ತವೆ.

ಜಾಲದ ತೊಡಕುಗಳು

ಬ್ಲೇಡ್ ಪಿಎಕ್ಸ್‌ಇ ಮೂಲಕ ಜಾಲದಿಂದ ಬೂಟ್ ಆಗಿ ಅನುಸ್ಥಾಪಕವನ್ನು ಇಳಿಸಿಕೊಂಡ ಮೇಲೆ, ಅದೇ ಅನುಸ್ಥಾಪಕವು ಜಾಲದ ಕಾರ್ಡ್ ಇಲ್ಲವೆಂದು ಹೇಳುವುದುಂಟು. ಇದು ಅಸಂಬದ್ಧವಾಗಿ ತೋರಿದರೂ ಕಾರಣ ಸರಳ. ಬೂಟ್ ಹಂತದಲ್ಲಿ ಕಾರ್ಡನ್ನು ನಡೆಸುವುದು ಅದರ ರೋಮ್‌ನಲ್ಲಿರುವ ಸಣ್ಣ ತಂತ್ರಾಂಶ, ಆಮೇಲೆ ನಡೆಸಬೇಕಾದುದು ಕರ್ನಲ್ಲಿನ ಡ್ರೈವರ್. ಡೆಲ್ ಎಂ610ರಂತಹ ಬ್ಲೇಡುಗಳಲ್ಲಿದ್ದ ಬ್ರಾಡ್‌ಕಾಮ್ ಕಾರ್ಡುಗಳಿಗೆ ಬಿಎನ್‌ಎಕ್ಸ್2 ಡ್ರೈವರಿನ ಜೊತೆಗೆ ಪ್ರತ್ಯೇಕ ಫರ್ಮ್‌ವೇರ್ ಕಡತವೂ ಬೇಕು. ಡೆಬಿಯನ್ ಯೋಜನೆಯು 2011ರ 6ನೇ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಅನುಸ್ಥಾಪಕದಿಂದ ಹೊರಗಿಟ್ಟಿತ್ತು. 2023ರ 12ನೇ ಆವೃತ್ತಿಯಲ್ಲಿ ಮತ್ತೆ ಸೇರಿಸಿತು. ನಡುವಿನ ಆವೃತ್ತಿಗಳಲ್ಲಿ ಆ ಕಡತವನ್ನು ಬೇರೆ ಮಾಧ್ಯಮದಿಂದ ಒದಗಿಸಬೇಕಾಗುತ್ತಿತ್ತು.

ಪಿಎಕ್ಸ್‌ಇ ಹಂತದಲ್ಲೇ ಐಪಿ ವಿಳಾಸ ಸಿಗದಿದ್ದರೆ ಚಾಸಿಯ ಸ್ವಿಚ್ಚನ್ನು ನೋಡಬೇಕು. ಸ್ಪ್ಯಾನಿಂಗ್ ಟ್ರೀ ಸಕ್ರಿಯವಾಗಿರುವ ಪೋರ್ಟ್ ಸುಮಾರು 30 ಸೆಕೆಂಡುಗಳ ಕಾಲ ದತ್ತಾಂಶ ಸಾಗಿಸದು, ಅಷ್ಟರಲ್ಲಿ ಬ್ಲೇಡ್ ಕಾದು ಸೋತಿರಬಹುದು. ಬ್ಲೇಡಿನ ಕಡೆಯ ಪೋರ್ಟುಗಳಲ್ಲಿ ಪೋರ್ಟ್‌ಫಾಸ್ಟ್ ಹೊಂದಿಸಿದರೆ ಇದು ಪರಿಹಾರವಾಗುತ್ತದೆ. ಎಚ್‌ಪಿಯ ಫ್ಲೆಕ್ಸ್-10 ವ್ಯವಸ್ಥೆಯಲ್ಲಿ ಒಂದು ಭೌತಿಕ ಪೋರ್ಟ್ ನಾಲ್ಕು ಕಾರ್ಡುಗಳಂತೆ ಕಾಣುವುದರಿಂದ ಎರಡು ಪೋರ್ಟಿನ ಬ್ಲೇಡಿನಲ್ಲಿ ಎಂಟು ಸಂಪರ್ಕಗಳು ತೋರುತ್ತವೆ. ಅವುಗಳಲ್ಲಿ ಪ್ರೊಫೈಲಿನಲ್ಲಿ ಜಾಲ ಹಂಚದಿರುವವು ಸದಾ ಕಡಿದಂತೆಯೇ ಇರುತ್ತವೆ. ಅದು ದೋಷವಲ್ಲ.

ಫರ್ಮ್‌ವೇರ್

ಡ್ರೈವರ್ ಮತ್ತು ಫರ್ಮ್‌ವೇರ್ ಆವೃತ್ತಿಗಳು ತಯಾರಕರು ಪರೀಕ್ಷಿಸಿದ ಜೋಡಿಯಾಗಿರಬೇಕು. ಎಚ್‌ಪಿಯ ಸರ್ವಿಸ್ ಪ್ಯಾಕ್ ಇವೆರಡನ್ನೂ ಒಟ್ಟಿಗೆ ನೀಡುವುದು ಇದೇ ಕಾರಣಕ್ಕೆ. ಯುಇಎಫ್‌ಐ ವಿಧಾನದಲ್ಲಿ ಸ್ಥಾಪಿಸಿದ ಡಿಸ್ಕ್ ಹಳೆಯ ಬಯೋಸ್ ವಿಧಾನದಲ್ಲಿ ಸಾಮಾನ್ಯವಾಗಿ ಬೂಟ್ ಆಗದು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಡ್ರೈವರನ್ನು ಕರ್ನಲ್ ತಿರಸ್ಕರಿಸುತ್ತದೆ.

ಡಿಸ್ಕ್‌ರಹಿತ ಬ್ಲೇಡುಗಳು

ಬ್ಲೇಡುಗಳ ಸಂಖ್ಯೆ ನೂರಾರು ಆದಾಗ ಒಂದೊಂದರಲ್ಲೂ ಅನುಸ್ಥಾಪನೆ ಮಾಡುವ ಪದ್ಧತಿಯನ್ನೇ ಬಿಡಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪನೆಯಾದ ಸಹಸ್ರಟಿ ಸೂಪರ್ ಕಂಪ್ಯೂಟರ್ ಕ್ರೇ ಎಕ್ಸ್‌ಸಿ40 ಮಾದರಿಯದು. ಅದರ ಸಿಪಿಯು ವಿಭಾಗದಲ್ಲಿ ತಲಾ 24 ಕೋರ್‌ಗಳ 1376 ಗಣನಾ ನೋಡ್‌ಗಳಿದ್ದವು. ಈ ಮಾದರಿಯಲ್ಲಿ ಒಂದು ಗಣನಾ ಬ್ಲೇಡಿಗೆ ನಾಲ್ಕು ನೋಡ್‌ಗಳು. ಗಣನಾ ನೋಡ್‌ಗಳಲ್ಲಿ ಡಿಸ್ಕ್ ಇರದೆ, ಲಿನಕ್ಸ್ ಚಿತ್ರಿಕೆ ಜಾಲದಿಂದ ನೇರವಾಗಿ ಸ್ಮೃತಿಗೆ ಬರುತ್ತದೆ. ಡ್ರೈವರ್ ಸರಿಪಡಿಸುವ ಕೆಲಸ ಒಂದೇ ಚಿತ್ರಿಕೆಗೆ ಸೀಮಿತವಾಗುವುದು ಇದರ ಲಾಭ. ಆ ಚಿತ್ರಿಕೆಯಲ್ಲಿ ಉಳಿದ ತಪ್ಪು ಎಲ್ಲ ನೋಡ್‌ಗಳಲ್ಲೂ ಒಮ್ಮೆಲೇ ಕಾಣಿಸುವುದು ಇದರ ಬೆಲೆ.

ಬ್ಲೇಡ್ ಬದಲಾವಣೆ

ಕೆಟ್ಟ ಬ್ಲೇಡನ್ನು ತೆಗೆದು ಹೊಸದನ್ನು ತೂರಿಸಿ ಹಳೆಯ ಡಿಸ್ಕುಗಳನ್ನೇ ಹಾಕಿದಾಗ ವ್ಯವಸ್ಥೆ ಮೇಲೆದ್ದರೂ ಜಾಲ ಸಿಗದಿರಬಹುದು. ರೆಡ್ ಹ್ಯಾಟ್ 6ರ ಕಾಲದ ವ್ಯವಸ್ಥೆಗಳು ಮ್ಯಾಕ್ ವಿಳಾಸವನ್ನು ಕಾರ್ಡಿನ ಹೆಸರಿಗೆ ಕಟ್ಟಿಡುತ್ತಿದ್ದುದರಿಂದ, ಹೊಸ ಬ್ಲೇಡಿನ ಕಾರ್ಡುಗಳಿಗೆ ಹೊಸ ಹೆಸರು ಬಂದು ಹಳೆಯ ಸಂರಚನೆ ಅನ್ವಯಿಸುತ್ತಿರಲಿಲ್ಲ. ಯುಡೆವ್ ನಿಯಮಗಳ ಕಡತದಲ್ಲಿ ಹಳೆಯ ಸಾಲುಗಳನ್ನು ಅಳಿಸಿ, ಸಂರಚನೆಯಲ್ಲಿ ಹೊಸ ಮ್ಯಾಕ್ ವಿಳಾಸ ಬರೆದರೆ ಇದು ಸರಿಹೋಗುತ್ತದೆ. ಸ್ಯಾನ್ ಬೂಟ್ ಬ್ಲೇಡುಗಳಲ್ಲಿ ಫೈಬರ್ ಚಾನೆಲ್ ವಿಳಾಸವೂ ಬದಲಾಗುವುದರಿಂದ ಸ್ಯಾನ್ ಸ್ವಿಚ್ಚು ಮತ್ತು ಸಂಗ್ರಹ ಎರಡರಲ್ಲೂ ಹೊಸ ವಿಳಾಸವನ್ನು ನಮೂದಿಸಬೇಕು. ಅಲ್ಲಿಯವರೆಗೆ ಬ್ಲೇಡ್ ಬೂಟ್ ಡಿಸ್ಕ್ ಇಲ್ಲವೆಂದೇ ಹೇಳುತ್ತದೆ, ಮರು ಅನುಸ್ಥಾಪನೆಯಿಂದ ಅದು ಬಗೆಹರಿಯುವುದಿಲ್ಲ. ಎಚ್‌ಪಿಯ ವರ್ಚುವಲ್ ಕನೆಕ್ಟ್ ಮತ್ತು ಸಿಸ್ಕೊ ಯುಸಿಎಸ್‌ನ ಸರ್ವಿಸ್ ಪ್ರೊಫೈಲ್ ಈ ವಿಳಾಸಗಳನ್ನು ಬ್ಲೇಡಿನ ಬದಲು ಪ್ರೊಫೈಲಿನಲ್ಲಿ ಇರಿಸಬಲ್ಲವು. ಹಾಗೆ ಇರಿಸಿದಲ್ಲಿ ಹೊಸ ಬ್ಲೇಡ್ ಹಳೆಯದರ ವಿಳಾಸಗಳನ್ನೇ ಪಡೆದು, ಅದೇ ಡಿಸ್ಕಿನಿಂದ ಬೂಟ್ ಆಗುತ್ತದೆ.