ಬೇಸಗೆಯ ಬಾಗಿಲಲ್ಲಿ ಹಿತ್ತಿಲು

ಶಿವರಾತ್ರಿ ಕಳೆದು ಚಳಿ ಹಿಂದೆಗೆದ ಮೇಲೆ ಹಿತ್ತಿಲಿನ ಮುಖ ಒಂದೇ ವಾರದಲ್ಲಿ ಬದಲಾಗುತ್ತದೆ. ನಿನ್ನೆಯವರೆಗೆ ಇಬ್ಬನಿಯಲ್ಲಿ ನೆನೆದು ಮೆತ್ತಗಿದ್ದ ಮಣ್ಣು ಬಿರುಕು ಬಿಡುತ್ತದೆ. ಅವರೆಯ ಬಳ್ಳಿ ಒಣಗಿ ಗಲಗಲ ಎನ್ನುತ್ತದೆ. ಮಲ್ಲಿಗೆ ಮಾತ್ರ ಲೋಕದ ಸಂಕಟಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಮೊಗ್ಗು ಬಿಡತೊಡಗುತ್ತದೆ. ಮನೆಯ ಮುಂದಿನ ಹೂದೋಟ ಬಂದವರ ಕಣ್ಣಿಗೆ, ಹಿಂದಿನ ಹಿತ್ತಿಲು ಮನೆಯವರ ಹೊಟ್ಟೆಗೆ. ಒಂದು ನಿಂಬೆ, ಒಂದು ಕರಿಬೇವು, ನಾಲ್ಕು ಬಾಳೆ, ಒಂದು ಪರಂಗಿ, ಚಪ್ಪರದ ಮೇಲೆ ಹೀರೆ, ಮೂಲೆಯಲ್ಲಿ ಕೆಸು: ಇಷ್ಟಿದ್ದರೆ ಅದಕ್ಕೆ ಹಿತ್ತಿಲೆಂಬ ಹೆಸರು ಸಲ್ಲುತ್ತದೆ. ವರ್ಷದ ಉಳಿದ ತಿಂಗಳುಗಳಲ್ಲಿ ಇವು ತಮ್ಮ ಪಾಡಿಗೆ ತಾವು ಬೆಳೆದುಕೊಳ್ಳುತ್ತವೆ. ಫಾಲ್ಗುಣ ಚೈತ್ರಗಳಲ್ಲಿ ಮಾತ್ರ ಒಡೆಯನಿಗೆ ಪರೀಕ್ಷೆ. ಆ ಪರೀಕ್ಷೆಯ ಮುಖ್ಯ ವಿಷಯ ನೀರು.

ಪಾಠ ಹೇಳಿ ಬದುಕಿದವನು ಗುದ್ದಲಿ ಹಿಡಿದರೆ ಮೊದಲು ಮಾಡುವ ಕೆಲಸ ಪುಸ್ತಕ ಹುಡುಕುವುದು. ನಾನೂ ಹುಡುಕಿದೆ. ಸುಮಾರು 1025ರಲ್ಲಿ ಚಾವುಂಡರಾಯನು, ಎಂದರೆ ಬೆಳಗೊಳದ ಚಾವುಂಡರಾಯನಲ್ಲ, ಅವನ ತರುವಾಯದ ಇನ್ನೊಬ್ಬನು, ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದವೂ ಇದೆ, ನೆಲದಡಿಯ ನೀರನ್ನು ಗುರುತಿಸುವ ಉದಕಾರ್ಗಳವೂ ಇದೆ. ಅದಕ್ಕೂ ಐದು ಶತಮಾನ ಹಿಂದಿನ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ನೀರೆರೆಯುವ ಕಾಲವನ್ನು ಸ್ಪಷ್ಟವಾಗಿಯೇ ತಿಳಿಸಿದ್ದಾನೆ. ಬೇಸಗೆಯಲ್ಲಿ ಸಂಜೆಯೂ ಬೆಳಗೂ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಎಂಬುದು ಅವನ ಮಾತಿನ ಸಾರ. ಇಷ್ಟು ಆಧಾರ ಸಿಕ್ಕಿದ ಮೇಲೆ ಕೇಳಬೇಕೆ? 2022ರ ಬೇಸಗೆಯಲ್ಲಿ ಹತ್ತು ವರ್ಷದ ನಮ್ಮ ನಿಂಬೆಯ ಬುಡಕ್ಕೆ ಬೆಳಗ್ಗೆ ಒಂದು ಬಕೀಟು, ಸಂಜೆ ಒಂದು ಬಕೀಟು ತಪ್ಪದೆ ಸುರಿದೆ.

ಕೆಲವು ವಾರಗಳಲ್ಲಿ ಎಲೆಗಳು ಹಳದಿಗೆ ತಿರುಗಿದವು. ಮಣ್ಣಿಗೆ ತಾಗಿದ ಕಡೆ ತೊಗಟೆ ಸೀಳಿ ಕಂದು ಬಣ್ಣದ ಅಂಟು ಒಸರಿತು. ಗಿಡಕ್ಕೆ ಬಾಯಾರಿಕೆಯೆಂದು ಬಗೆದು ನಾನು ಇನ್ನೂ ಅರ್ಧ ಬಕೀಟು ಹೆಚ್ಚಿಸಿದೆ. ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆಯ ಅಜ್ಜಿ ಒಂದು ದಿನ ತಡೆಯಲಾರದೆ ಒಳಕ್ಕೇ ಬಂದರು.

“ಮೇಷ್ಟ್ರೇ, ನೀವು ನೀರು ಕುಡಿಯೋದು ಬಾಯಲ್ಲೋ, ಮೊಣಕಾಲಲ್ಲೋ?”

“ಯಾಕಜ್ಜಿ?”

“ಗಿಡದ ಬಾಯಿ ಅಲ್ಲಿಲ್ಲ, ಇಲ್ಲಿದೆ,” ಎಂದು ನಡುಹಗಲಿನ ನೆರಳಿನ ಅಂಚನ್ನು ಕೋಲಿನಿಂದ ತೋರಿಸಿದರು. “ಬುಡ ನೆನೆಸಿ ನೆನೆಸಿ ಕೊಳೆಸಿಬಿಟ್ಟಿದೀರಿ.”

ನೀರನ್ನು ಹೀರುವ ಎಳೆಬೇರುಗಳ ಬಹುಪಾಲು ಕಾಂಡದಿಂದ ದೂರ, ಕೊಂಬೆಗಳ ಹರಹಿನ ಕೆಳಗೆ ಇರುತ್ತವೆಂಬುದು ನನಗೂ ಗೊತ್ತಿದ್ದ ಸಂಗತಿಯೇ. ತರಗತಿಯಲ್ಲಿ ಗೊತ್ತಿದ್ದದ್ದು ಹಿತ್ತಿಲಿನಲ್ಲಿ ನೆನಪಾಗಿರಲಿಲ್ಲ. ಪುಸ್ತಕವನ್ನು ಮತ್ತೆ ತೆರೆದೆ. ವರಾಹಮಿಹಿರನ ತಪ್ಪೇನೂ ಇರಲಿಲ್ಲ. ಸಸಿ ನೆಡುವ ಪ್ರಸಂಗದಲ್ಲಿ, ನೆಟ್ಟ ಗಿಡಗಳನ್ನು ಕುರಿತು ಅವನು ಹೇಳಿದ್ದನ್ನು ನಾನು ಬೇರು ಬಿಟ್ಟ ಮರಕ್ಕೆ ಅನ್ವಯಿಸಿದ್ದೆ.

ಅಜ್ಜಿಯ ಮೇಲ್ವಿಚಾರಣೆಯಲ್ಲಿ ಬುಡದ ಮಣ್ಣನ್ನು ಸರಿಸಿ ಕಾಂಡಕ್ಕೆ ಗಾಳಿಯಾಡುವಂತೆ ಮಾಡಿದೆವು. ಕಾಂಡದ ಸುತ್ತ ಒಂದು ಸಣ್ಣ ಬದು, ನೆರಳಿನಂಚಿನಲ್ಲಿ ಇನ್ನೊಂದು ದೊಡ್ಡ ಬದು; ನೀರು ಇವೆರಡರ ನಡುವೆ ಮಾತ್ರ. ಕೊಳೆತ ತೊಗಟೆಯನ್ನು ಹೆರೆದು ಮೈಲುತುತ್ತ ಸುಣ್ಣಗಳ ಮುಲಾಮು ಹಚ್ಚಿದೆವು. ಇದು ಮಲೆನಾಡಿನ ಅಡಕೆ ಬೆಳೆಗಾರರಿಗೆ ಚಿರಪರಿಚಿತವಾದ ಬೋರ್ಡೋ ಮದ್ದಿನ ಗಟ್ಟಿರೂಪ. ಆ ಮದ್ದನ್ನು ಕೊಳೆರೋಗಕ್ಕೆ ಸಿಂಪಡಿಸುವ ಕ್ರಮವನ್ನು ಶತಮಾನಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು 1908ರಲ್ಲಿ ಇಲ್ಲಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅಡಕೆಯ ಕೊಳೆಗೂ ನಿಂಬೆಯ ಅಂಟಿಗೂ ಕಾರಣ ಫೈಟಾಫ್ತರವೆಂಬ ಒಂದೇ ಕುಲದ ಸೂಕ್ಷ್ಮಜೀವಿಗಳು. ತೇವ ಆರದ ಕಡೆ ಅವಕ್ಕೆ ಸುಗ್ಗಿ.

ಅಂದಿನಿಂದ ನೀರಿಗೆ ಮುಂಚೆ ಬೆರಳನ್ನು ಮಣ್ಣಿಗಿಳಿಸಿ ನೋಡುವುದು ನನ್ನ ಅಭ್ಯಾಸ. ಎರಡು ಗೆಣ್ಣಿನ ಆಳದಲ್ಲಿ ತಂಪಿದ್ದರೆ ಬಿಂದಿಗೆ ಹಾಗೆಯೇ ಹಿಂದಿರುಗುತ್ತದೆ. ನಡುಹಗಲಿನಲ್ಲಿ ಹೀರೆಯ ಎಲೆ ಜೋತುಬಿದ್ದರೆ ಗಾಬರಿಪಡಬೇಕಾಗಿಲ್ಲ. ಬಿಸಿಲಿಗೆ ಆರುವಷ್ಟು ನೀರನ್ನು ಬೇರು ಒದಗಿಸಲಾರದೆ ಬಳ್ಳಿ ಬಳಲುತ್ತದೆ, ಸಂಜೆಗೆ ತಾನೇ ಚೇತರಿಸಿಕೊಳ್ಳುತ್ತದೆ. ಬೆಳಗ್ಗೆಯೂ ಜೋತಿದ್ದರೆ ಆಗ ಚಿಂತಿಸಬೇಕು. ಟೊಮೆಟೊ ಕಾಯಿಯ ಅಡಿ ಕಪ್ಪಾಗುವುದೂ ಅನೇಕ ವೇಳೆ ರೋಗವಲ್ಲ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಮುಳುಗಿಸಿದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲಪುವುದಿಲ್ಲ. ಅದರ ಗುರುತು ಆ ಕಲೆ. ಇನ್ನು ಉದುರಿದ ತರಗೆಲೆಗಳನ್ನು ಗುಡಿಸಿ ಬೆಂಕಿಯಿಡುವ ಚಟವನ್ನು ಬಿಟ್ಟು, ಅವನ್ನೇ ಪಾತಿಗಳಿಗೆ ನಾಲ್ಕು ಬೆರಳು ದಪ್ಪ ಹೊದಿಸಿದರೆ, ಮಣ್ಣಿನ ಪಸೆ ಅಷ್ಟು ಬೇಗ ಆರುವುದಿಲ್ಲ. ಕಾಂಡಕ್ಕೆ ಮಾತ್ರ ತಾಗಿಸಬಾರದು.

ಹುಳುಗಳ ವಿಷಯದಲ್ಲಿಯೂ ಆತುರವೇ ನಮ್ಮ ದೊಡ್ಡ ತೊಂದರೆ. ನಿಂಬೆಯ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕುಳಿತಿರುವುದು ನಿಂಬೆ ಚಿಟ್ಟೆಯ ಮರಿಹುಳು. ಬೆಳೆದಂತೆ ಹಸುರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬನ್ನು ಚಾಚಿ ವಾಸನೆ ಬಿಡುತ್ತದೆ. ಎಳೆಯ ಸಸಿಯನ್ನು ಇವು ಬೋಳಿಸಿಬಿಡಬಲ್ಲವು, ಆದ್ದರಿಂದ ಕೈಯಿಂದ ಆರಿಸಬೇಕು. ದೊಡ್ಡ ಗಿಡವು ನಾಲ್ಕಾರು ಹುಳುಗಳನ್ನು ಸಾಕಬಲ್ಲದು. ಹಿಟ್ಟು ತಿಗಣೆಯ ಕಥೆ ಇನ್ನೂ ಬೋಧಪ್ರದ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ, ಪರಂಗಿ, ಹಿಪ್ಪುನೇರಳೆ, ದಾಸವಾಳಗಳನ್ನೆಲ್ಲ ಬೆಳ್ಳಗೆ ಮುಸುಕಿತು. ಎಷ್ಟು ವಿಷ ಸಿಂಪಡಿಸಿದರೂ ಅದರ ಮೇಣದ ಹೊದಿಕೆಯೊಳಕ್ಕೆ ಇಳಿಯುತ್ತಿರಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನ ಸಂಸ್ಥೆಯೊಂದು ಪೋರ್ಟೊ ರಿಕೊದಿಂದ ಸಣ್ಣ ಕಣಜಗಳನ್ನು ತರಿಸಿ, ಸಾಕಿ, ತೋಟಗಳಲ್ಲಿ ಬಿಟ್ಟಿತು. ತಿಗಣೆಯ ಮೈಯಲ್ಲೇ ಮೊಟ್ಟೆಯಿಡುವ ಆ ಕಣಜಗಳು ಅದರ ಹಾವಳಿಯನ್ನು ಅಡಗಿಸಿದವು. ವಿಷದ ಡಬ್ಬಿಗೆ ಕೈಹಾಕುವವನು ಇಂಥ ಬಂಟರನ್ನೂ ಕೊಲ್ಲುತ್ತಾನೆ.

ಆದರೆ ನಿಜವಾದ ಕಷ್ಟ ಎದುರಾದದ್ದು 2024ರಲ್ಲಿ. ಹಿಂದಿನ ವರ್ಷದ ಮಳೆ ಕೈಕೊಟ್ಟು ಬೆಂಗಳೂರಿನ ಕೊಳವೆಬಾವಿಗಳು ಬತ್ತಿದವು. ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೂ ಅದರಿಂದ ವಾಹನ ತೊಳೆಯುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡವನ್ನು ಸಾರಿತು. ಮೊದಲಿಗೆ ಸಿಟ್ಟೇ ಬಂತು. ಆದರೆ ಬೀದಿಯ ತುದಿಯಲ್ಲಿ ಟ್ಯಾಂಕರಿಗಾಗಿ ಸಾಲುಗಟ್ಟಿದ್ದ ಕೊಡಗಳನ್ನು ನೋಡಿದ ಮೇಲೆ, ಗುಲಾಬಿಯ ಪರವಾಗಿ ವಾದಿಸಲು ನನ್ನಲ್ಲಿ ಮಾತು ಉಳಿಯಲಿಲ್ಲ.

ಹಳೆಯ ಮನೆಗಳಲ್ಲಿ ಇದಕ್ಕೆ ಉಪಾಯ ಬಚ್ಚಲಿನಲ್ಲೇ ಇತ್ತು. ಸ್ನಾನದ ನೀರು ಬಾಳೆ, ಕೆಸುಗಳನ್ನು ಹಾದೇ ಮುಂದಕ್ಕೆ ಹೋಗುತ್ತಿತ್ತು. ಮೋರಿಗಳು ನೆಲದಡಿಯ ಕೊಳವೆಗಳಾದಾಗ ಆ ನಂಟು ಕಡಿದಿತ್ತು. ನಾವು ಅದನ್ನು ಬಕೀಟಿನಿಂದ ಮತ್ತೆ ಬೆಸೆದೆವು. ಸೋಪಿನ ನೀರು ಬಾಳೆಗೂ ಕೆಸುವಿಗೂ. ಅಕ್ಕಿ ಬೇಳೆ ತೊಳೆದ ನೀರು ನಿಂಬೆಗೂ ಕರಿಬೇವಿಗೂ. ಅಷ್ಟರಲ್ಲಿ ಎಲ್ಲವನ್ನೂ ಉಳಿಸುವಂತಿರಲಿಲ್ಲ. ಸೊಪ್ಪಿನ ಮಡಿಯನ್ನು ಬಿಟ್ಟೆವು, ಕುಂಡದ ಹೂಗಳನ್ನು ಬಿಟ್ಟೆವು. ಹೂ ಕಚ್ಚಿದ್ದ ಹುರುಳಿಕಾಯಿ ಗಿಡಗಳನ್ನು ಕಿತ್ತು ನಿಂಬೆಯ ಪಾತಿಗೆ ಹೊದಿಸುವಾಗ ನನ್ನ ಹೆಂಡತಿ ಒಳಕ್ಕೆ ಹೊರಟುಹೋದಳು.

ಏಪ್ರಿಲ್ ಪೂರ್ತಿ ಆಕಾಶ ಬರಿದಾಗಿತ್ತು. ಅಶ್ವಿನಿ ಹೆಸರಿಗೆ ಮಾತ್ರ ಬಂದು ಹೋಯಿತು. ಭರಣಿ ಸುರಿದರೆ ಧರಣಿ ಬದುಕೀತು ಎನ್ನುತ್ತಾರೆ. ಮೇ ಮೊದಲ ವಾರದಲ್ಲಿ ಭರಣಿ ಸುರಿಯಿತು. ಎಂಟು ಹತ್ತು ದಿನ ಕಳೆದ ಮೇಲೆ ನಿಂಬೆಯ ತುದಿಗಳಲ್ಲಿ ತಾಮ್ರದ ಛಾಯೆಯ ಚಿಗುರು ಕಂಡಿತು. ಅಜ್ಜಿ ಬೇಲಿಯ ಬಳಿ ನಿಂತು ಬಹಳ ಹೊತ್ತು ನೋಡಿದರು. ನನ್ನ ಕೈಯಲ್ಲಿ ಬಿಂದಿಗೆಯಿತ್ತು.

“ಬೆರಳಿಟ್ಟು ನೋಡಿದಿರಾ, ಮೇಷ್ಟ್ರೇ?” ಎಂದರು.

ನೋಡಿದೆ. ಮಣ್ಣು ತಂಪಾಗಿತ್ತು. ಬಿಂದಿಗೆಯನ್ನು ಒಳಕ್ಕೆ ಕೊಂಡುಹೋಗಿ ಇಟ್ಟೆ.